ಕೆಟ್ಟ ಲ್ಯಾಪ್‌ಟಾಪ್‌ಗೆ ಲಿನಕ್ಸ್‌ನಿಂದ ಮರುಜೀವ: ಪರೀಕ್ಷೆಯಿಂದ ಇನ್‌ಸ್ಟಾಲ್‌ವರೆಗೆ ಸಮಗ್ರ ಮಾರ್ಗದರ್ಶಿ

ಕೆಟ್ಟಿದೆ ಎಂದು ಮೂಲೆ ಸೇರಿದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್, ಪ್ರೊಸೆಸರ್, ಪರದೆ ಎಲ್ಲವೂ ಸುಸ್ಥಿತಿಯಲ್ಲಿರುತ್ತವೆ. ಹಾಳಾಗಿರುವುದು ಹಾರ್ಡ್‌ಡಿಸ್ಕ್ ಅಥವಾ ಅದರಲ್ಲಿರುವ ಕಾರ್ಯಾಚರಣ ವ್ಯವಸ್ಥೆ ಮಾತ್ರ. ಇನ್ನು ಕೆಲವು ನಿಜವಾಗಿ ಕೆಟ್ಟೇ ಇರುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಸಾಕಷ್ಟು ಹೊಸ ಪ್ರೊಸೆಸರನ್ನೂ ಕೇಳುವುದರಿಂದ ಇಂಟೆಲ್‌ನ ಏಳನೆಯ ತಲೆಮಾರಿನವರೆಗಿನ ಬಹುತೇಕ ಯಂತ್ರಗಳು ಅದರ ಅಧಿಕೃತ ಪಟ್ಟಿಯಿಂದ ಹೊರಗುಳಿದವು. ಇಂಥ ಯಂತ್ರಗಳಿಗೆ ಲಿನಕ್ಸ್ ಎಂಬ ಉಚಿತ, ಮುಕ್ತ ಆಕರದ ವ್ಯವಸ್ಥೆ ಇನ್ನೂ ಹಲವು ವರ್ಷಗಳ ಬಾಳಿಕೆಯನ್ನು ಕೊಡಬಲ್ಲದು.

ಆದರೆ ಲಿನಕ್ಸ್ ಪೆನ್‌ಡ್ರೈವ್ ಕೈಗೆ ಬಂದ ಕೂಡಲೇ ಇನ್‌ಸ್ಟಾಲ್ ಮಾಡಲು ಹೊರಡಬೇಡಿ ಎಂಬುದು ಈ ಮಾರ್ಗದರ್ಶಿಯ ಮೊದಲ ಸಲಹೆ. ಹಾರ್ಡ್‌ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಪೂರ್ತಿಯಾಗಿ ಓಡುವ ಲೈವ್ ವ್ಯವಸ್ಥೆಯೇ ಲಿನಕ್ಸ್‌ನ ದೊಡ್ಡ ಅನುಕೂಲ. ಯಂತ್ರದ ಯಾವ ಭಾಗ ಸರಿಯಿದೆ, ಯಾವುದು ಸರಿಯಿಲ್ಲ ಎಂಬುದನ್ನು ಅದರಲ್ಲೇ ಪರೀಕ್ಷಿಸಬಹುದು, ಹಳೆಯ ಕಡತಗಳನ್ನು ಹೊರತೆಗೆಯಬಹುದು, ಅದಾದ ಮೇಲೆ ಇನ್‌ಸ್ಟಾಲ್ ಮಾಡುವುದು ಯೋಗ್ಯವೇ ಎಂದು ತೀರ್ಮಾನಿಸಬಹುದು. ಈ ಕ್ರಮವನ್ನು ತಲೆಕೆಳಗು ಮಾಡಿದವರು ಸಾಮಾನ್ಯವಾಗಿ ಎರಡು ರೀತಿಯಲ್ಲಿ ನಷ್ಟ ಅನುಭವಿಸುತ್ತಾರೆ: ಹಳೆಯ ಫೋಟೊಗಳು ಅಳಿಸಿಹೋಗುತ್ತವೆ, ಇಲ್ಲವೇ ಸಾಯುತ್ತಿರುವ ಡಿಸ್ಕ್ ಮೇಲೆ ಹೊಸ ವ್ಯವಸ್ಥೆ ಕೂತು ಕೆಲವೇ ವಾರಗಳಲ್ಲಿ ಮತ್ತೆ ಕೈಕೊಡುತ್ತದೆ.

ದೋಷ ಎಲ್ಲಿದೆ ಎಂದು ಮೊದಲು ಗುರುತಿಸುವುದು

ಪವರ್ ಬಟನ್ ಒತ್ತಿದಾಗ ಏನಾಗುತ್ತದೆ ಎಂಬುದನ್ನು ಗಮನವಿಟ್ಟು ನೋಡಿ. ತಯಾರಕರ ಲೋಗೊ ಕಾಣಿಸಿಕೊಂಡು ನಂತರ ನಿಂತರೆ, ಅಥವಾ ಬೂಟ್ ಮಾಡಬಹುದಾದ, ಅಂದರೆ ಯಂತ್ರವನ್ನು ಆರಂಭಿಸಬಲ್ಲ, ಡಿಸ್ಕ್ ಇಲ್ಲವೆಂಬ ಸಂದೇಶ ಬಂದರೆ, ಅದು ಒಳ್ಳೆಯ ಸುದ್ದಿ. ಮದರ್‌ಬೋರ್ಡ್ ಜೀವಂತವಾಗಿದೆ, ತೊಂದರೆ ಡಿಸ್ಕ್‌ನಲ್ಲಿ ಅಥವಾ ವಿಂಡೋಸ್‌ನಲ್ಲಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಇಂಥ ಯಂತ್ರ ನಿಮ್ಮದಾಗಿದ್ದರೆ ಮುಂದಿನ ಭಾಗಕ್ಕೆ ಹೋಗಬಹುದು.

ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ ಎಂದಾದರೆ ಕತ್ತಲಲ್ಲಿ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾದ ಚಿತ್ರ ಕಂಡರೆ ಪರದೆಯ ಹಿಂಬೆಳಕು ಮಾತ್ರ ಹೋಗಿದೆ ಎಂದರ್ಥ, ಎಚ್‌ಡಿಎಂಐ ಕೇಬಲ್ ಮೂಲಕ ಮಾನಿಟರ್ ಅಥವಾ ಟಿವಿಗೆ ಜೋಡಿಸಿದರೆ ಉಳಿದ ಕೆಲಸವೆಲ್ಲ ನಡೆಯುತ್ತದೆ. ಹೊರಗಿನ ಪರದೆಯಲ್ಲೂ ಏನೂ ಬಾರದಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಬೇಕು. ಚಾರ್ಜರ್ ತೆಗೆದು, ಕಳಚಲು ಬರುವ ಬ್ಯಾಟರಿಯಾದರೆ ಅದನ್ನೂ ತೆಗೆದು, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ; ಉಳಿದಿರುವ ವಿದ್ಯುತ್ ಇದರಿಂದ ಬರಿದಾಗುತ್ತದೆ, ಹಲವು ಸಲ ಇಷ್ಟರಿಂದಲೇ ಯಂತ್ರ ಎದ್ದು ಕೂರುವುದೂ ಉಂಟು. ಏಳದಿದ್ದರೆ ಕೆಳಮುಚ್ಚಳ ಬಿಚ್ಚಬೇಕು. ಬ್ಯಾಟರಿ ಒಳಗೇ ಇರುವ ಮಾದರಿಯಲ್ಲಿ ಮೊಟ್ಟಮೊದಲು ಅದರ ಕನೆಕ್ಟರ್ ಕಳಚಿ, ಮೈಯಲ್ಲಿರುವ ಸ್ಥಿರವಿದ್ಯುತ್ ಇಳಿಯಲು ಯಾವುದಾದರೂ ಲೋಹದ ದೊಡ್ಡ ವಸ್ತುವನ್ನು ಮುಟ್ಟಿ, ನಂತರ ರ‍್ಯಾಮ್ ಪಟ್ಟಿಯ ಎರಡೂ ಬದಿಯ ಕೊಕ್ಕೆಗಳನ್ನು ಹೊರಕ್ಕೆ ಸರಿಸಿ. ಪಟ್ಟಿ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಅದರ ಚಿನ್ನದ ಬಣ್ಣದ ಅಂಚನ್ನು ಒಣಗಿದ ಮೃದುವಾದ ಬಟ್ಟೆಯಿಂದ ಒರೆಸಿ, ಅದೇ ಓರೆಯಲ್ಲಿ ಮತ್ತೆ ಸ್ಲಾಟಿನೊಳಗೆ ಪೂರ್ತಿ ತಳ್ಳಿ, ಕೊಕ್ಕೆಗಳು ಟಕ್ಕೆಂದು ಕೂರುವವರೆಗೆ ಕೆಳಕ್ಕೆ ಒತ್ತಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿದಾಗ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ.

ಮುಚ್ಚಳ ತೆರೆದಾಗ ಬ್ಯಾಟರಿ ಉಬ್ಬಿರುವುದು ಕಂಡರೆ ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು. ತೆಗೆದು ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳು ಬ್ಯಾಟರಿ ಇಲ್ಲದೆ ಚಾರ್ಜರ್ ಮೇಲೆಯೇ ಓಡುತ್ತವೆ. ನೀರು ಅಥವಾ ಚಹಾ ಬಿದ್ದು ಬೋರ್ಡ್ ಮೇಲೆ ಹಸಿರು ಅಥವಾ ಬಿಳಿ ಕಿಲುಬು ಕಟ್ಟಿದ್ದರೆ, ಯಾವ ಬಟನ್ ಒತ್ತಿದರೂ ಒಂದು ದೀಪವೂ ಹತ್ತದಿದ್ದರೆ, ಅದು ತಂತ್ರಾಂಶದಿಂದ ಬಗೆಹರಿಯುವ ಸಮಸ್ಯೆಯಲ್ಲ. ಅದಕ್ಕೆ ಸಾಮಾನ್ಯವಾಗಿ ಚಿಪ್ ಮಟ್ಟದ ರಿಪೇರಿ ಬಲ್ಲವರೇ ಬೇಕಾಗುತ್ತಾರೆ. ಹಾಗಿದ್ದರೂ ಅದರ ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೇರೆ ಕಂಪ್ಯೂಟರ್‌ನಲ್ಲಿ ಓದಲು ಪ್ರಯತ್ನಿಸಬಹುದು.

ಯಾವ ಲಿನಕ್ಸ್ ಆರಿಸಬೇಕು

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಕರ್ನೆಲ್ ಎಂಬ ತಿರುಳಿನ ಸುತ್ತ ವಿತರಣೆಗಳೆಂಬ ನೂರಾರು ಸಿದ್ಧ ರೂಪಗಳು ಬೆಳೆದಿವೆ, ಹೊಸಬರು ಈ ಆಯ್ಕೆಯಲ್ಲೇ ಅನಗತ್ಯವಾಗಿ ಹೆಚ್ಚು ಹೊತ್ತು ಕಳೆಯುತ್ತಾರೆ. ನನ್ನ ಶಿಫಾರಸು ನೇರವಾಗಿದೆ. 4 ಜಿಬಿ ಅಥವಾ ಅದಕ್ಕಿಂತ ಹೆಚ್ಚು ರ‍್ಯಾಮ್ ಇರುವ 64 ಬಿಟ್ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿ. 4 ಜಿಬಿ ಇದ್ದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಜಿಬಿ ಇದ್ದರೆ ಸಿನಮನ್ ಆವೃತ್ತಿ. ವಿಂಡೋಸ್ ಬಳಸಿ ಅಭ್ಯಾಸವಿರುವವರಿಗೆ ಅದರ ಮೆನು, ಟಾಸ್ಕ್‌ಬಾರ್ ಎಲ್ಲವೂ ಪರಿಚಿತವೆನಿಸುತ್ತವೆ. ಉಬುಂಟು 24.04ರ ಬುನಾದಿಯ ಮೇಲೆ ನಿಂತಿರುವ ಮಿಂಟ್ 22 ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ಸಿಗುತ್ತವೆ. ಕೇವಲ 2 ಜಿಬಿ ರ‍್ಯಾಮ್ ಇದ್ದರೆ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಇರುವ ಲುಬುಂಟು ಅಥವಾ ಇನ್ನೂ ಹಗುರವಾದ ಆಂಟಿಎಕ್ಸ್ ಸೂಕ್ತ.

ತೀರಾ ಹಳೆಯ 32 ಬಿಟ್ ಯಂತ್ರಗಳ ದಾರಿ ಈಗ ಕಿರಿದಾಗಿದೆ. ಉಬುಂಟು, ಮಿಂಟ್‌ನ ಮುಖ್ಯ ಆವೃತ್ತಿಗಳು ಅವುಗಳನ್ನು ಬಿಟ್ಟು ವರ್ಷಗಳಾದವು, 2025ರಲ್ಲಿ ಬಂದ ಡೆಬಿಯನ್ 13 ಕೂಡ 32 ಬಿಟ್ ಇನ್‌ಸ್ಟಾಲರನ್ನು ಕೈಬಿಟ್ಟಿತು. ಇಂಥವಕ್ಕೆ ಆಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸ್‌ನ 32 ಬಿಟ್ ಆವೃತ್ತಿಯನ್ನು ನೋಡಬಹುದು. ಆದರೆ ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಹಗುರವಾದ ಲಿನಕ್ಸ್ ಹಾಕಿದ ಮಾತ್ರಕ್ಕೆ ಜಾಲತಾಣಗಳು ಹಗುರವಾಗುವುದಿಲ್ಲ. 1 ಜಿಬಿ ರ‍್ಯಾಮ್‌ನಲ್ಲಿ ಡೆಸ್ಕ್‌ಟಾಪ್ ಸರಾಗವಾಗಿ ಓಡಿದರೂ ಇಂದಿನ ಬ್ರೌಸರ್‌ನಲ್ಲಿ ಎರಡು ಮೂರು ಟ್ಯಾಬ್ ತೆರೆದಾಗ ಯಂತ್ರ ಉಸಿರು ಕಟ್ಟುತ್ತದೆ. ಅಂಥ ಯಂತ್ರವನ್ನು ಬರವಣಿಗೆಗೆ, ಹಾಡು ಕೇಳಲು, ಕೋಡಿಂಗ್ ಕಲಿಯಲು ಇಟ್ಟುಕೊಳ್ಳುವುದು ವಿವೇಕ.

ಬೂಟ್ ಆಗುವ ಪೆನ್‌ಡ್ರೈವ್ ತಯಾರಿ

ಇದಕ್ಕೆ ಸರಿಯಾಗಿ ನಡೆಯುತ್ತಿರುವ ಇನ್ನೊಂದು ಕಂಪ್ಯೂಟರ್ ಮತ್ತು ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಪೆನ್‌ಡ್ರೈವ್‌ನಲ್ಲಿ ಈಗ ಇರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಮಿಂಟ್‌ನ ಅಧಿಕೃತ ತಾಣದಿಂದ ಇಡೀ ವ್ಯವಸ್ಥೆಯನ್ನು ಒಳಗೊಂಡ ಐಎಸ್‌ಒ ಕಡತವನ್ನು ಇಳಿಸಿಕೊಳ್ಳಿ, ಅದು ಸುಮಾರು 3 ಜಿಬಿ ಇರುತ್ತದೆ. ಅಲ್ಲಿಯೇ ಕೊಟ್ಟಿರುವ ಎಸ್‌ಎಚ್‌ಎ-256 ಎಂಬ ತಾಳೆ ಮೊತ್ತದೊಂದಿಗೆ ಇಳಿಸಿದ ಕಡತದ ಮೊತ್ತವನ್ನು ಹೋಲಿಸಿ ನೋಡುವುದನ್ನು ಬಿಡಬೇಡಿ. ಡೌನ್‌ಲೋಡ್ ಅರೆಬರೆಯಾಗಿದ್ದರೆ ಇನ್‌ಸ್ಟಾಲ್ ನಡುವೆ ಅರ್ಥವಾಗದ ದೋಷಸಂದೇಶಗಳು ಬರುತ್ತವೆ, ಆಗ ನಿರಪರಾಧಿಯಾದ ಯಂತ್ರದ ಮೇಲೆ ಅನುಮಾನ ಹೋಗುತ್ತದೆ.

ಐಎಸ್‌ಒ ಕಡತವನ್ನು ಸುಮ್ಮನೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಅದರಿಂದ ಬೂಟ್ ಆಗುವುದಿಲ್ಲ. ವಿಂಡೋಸ್‌ನಲ್ಲಿ ರೂಫಸ್ ಎಂಬ ಸಣ್ಣ ಉಚಿತ ತಂತ್ರಾಂಶದಿಂದ, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಬಲೇನಾ ಎಚ್ಚರ್‌ನಿಂದ ಅದನ್ನು ಬರೆಯಬೇಕು. ಒಂದೇ ಪೆನ್‌ಡ್ರೈವ್‌ನಲ್ಲಿ ಹಲವು ವಿತರಣೆಗಳನ್ನು ಇಟ್ಟುಕೊಂಡು ಪರೀಕ್ಷಿಸಬೇಕೆಂದಿದ್ದರೆ ವೆಂಟಾಯ್ ಉಪಯುಕ್ತ. ಅದನ್ನು ಒಮ್ಮೆ ಸಿದ್ಧಪಡಿಸಿದ ಮೇಲೆ ಐಎಸ್‌ಒ ಕಡತಗಳನ್ನು ಮಾಮೂಲಿಯಂತೆ ಕಾಪಿ ಮಾಡಿದರೆ ಸಾಕು.

ಪೆನ್‌ಡ್ರೈವ್‌ನಿಂದ ಬೂಟ್ ಮಾಡುವುದು

ಯಂತ್ರ ಆನ್ ಆದ ತಕ್ಷಣ, ಲೋಗೊ ಕಾಣುವ ಮೊದಲೇ, ಬೂಟ್ ಮೆನುವಿನ ಕೀಲಿಯನ್ನು ಮೇಲಿಂದ ಮೇಲೆ ಒತ್ತಬೇಕು. ಡೆಲ್, ಲೆನೊವೊ, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿದ ಬಳಿಕ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಅಥವಾ ಎಫ್8 ಇರುತ್ತದೆ. ಲೆನೊವೊದ ಹಲವು ಐಡಿಯಾಪ್ಯಾಡ್‌ಗಳಲ್ಲಿ ಬದಿಯ ಪುಟ್ಟ ರಂಧ್ರದೊಳಗೆ ನೋವೊ ಎಂಬ ಬಟನ್ ಇದ್ದು, ಯಂತ್ರ ಆಫ್ ಆಗಿರುವಾಗ ಅದನ್ನು ಸೂಜಿಯಿಂದ ಒತ್ತಿದರೆ ಇದೇ ಮೆನು ಬರುತ್ತದೆ. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಎಫ್2 ಒತ್ತಿ ಬಯೋಸ್ ಎಂಬ ಯಂತ್ರದ ಮೂಲ ಹೊಂದಾಣಿಕೆಯ ಪುಟವನ್ನು ಪ್ರವೇಶಿಸಿ, ಅಲ್ಲಿ ಎಫ್12 ಬೂಟ್ ಮೆನುವನ್ನು ಮೊದಲು ಸಕ್ರಿಯಗೊಳಿಸಬೇಕಾಗುತ್ತದೆ.

ಮೆನುವಿನಲ್ಲಿ ಪೆನ್‌ಡ್ರೈವ್‌ನ ಹೆಸರು ಎರಡು ಸಲ ಕಾಣಿಸಿದರೆ, ಯುಇಎಫ್‌ಐ ಎಂದು ಮೊದಲಲ್ಲಿ ಬರೆದಿರುವುದನ್ನೇ ಆರಿಸಿ. ಯುಇಎಫ್‌ಐ ಎಂಬುದು ಯಂತ್ರ ಆರಂಭವಾಗುವ ಹೊಸ ವಿಧಾನ, ತೀರಾ ಹಳೆಯ ಯಂತ್ರಗಳಲ್ಲಿ ಮಾತ್ರ ಲೆಗಸಿ ಎಂಬ ಹಳೆಯ ವಿಧಾನ ಬೇಕಾಗುತ್ತದೆ. ಮಿಂಟ್, ಉಬುಂಟು, ಡೆಬಿಯನ್‌ಗಳು, ಮಾನ್ಯ ಸಹಿ ಇರುವ ವ್ಯವಸ್ಥೆಗಳನ್ನು ಮಾತ್ರ ಆರಂಭವಾಗಲು ಬಿಡುವ ಸೆಕ್ಯೂರ್ ಬೂಟ್ ಜೊತೆಗೇ ಕೆಲಸ ಮಾಡುತ್ತವೆ, ಆಂಟಿಎಕ್ಸ್, ಪಪ್ಪಿಯಂಥವಕ್ಕೆ ಅದನ್ನು ಬಯೋಸ್‌ನಲ್ಲಿ ಆಫ್ ಮಾಡಬೇಕಾಗಬಹುದು. ಡಿಸ್ಕ್‌ಗೆ ವಿಂಡೋಸ್‌ನ ಬಿಟ್‌ಲಾಕರ್ ಎಂಬ ಗೂಢಲಿಪಿ ರಕ್ಷಣೆ ಇದ್ದರೆ ಬಯೋಸ್‌ನಲ್ಲಿ ಯಾವ ಬದಲಾವಣೆ ಮಾಡುವ ಮುನ್ನವೂ ಅದರ 48 ಅಂಕಿಗಳ ರಿಕವರಿ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಬರೆದಿಟ್ಟುಕೊಳ್ಳಿ. ಆ ಕೀಲಿ ಇಲ್ಲದೆ ಒಳಗಿನ ಕಡತಗಳನ್ನು ಲಿನಕ್ಸ್‌ನಿಂದಲೂ ಓದಲಾಗದು.

ಲೈವ್ ವ್ಯವಸ್ಥೆಯಲ್ಲಿ ಯಂತ್ರದ ತಪಾಸಣೆ

ಡೆಸ್ಕ್‌ಟಾಪ್ ಕಾಣಿಸಿತೆಂದರೆ ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್‌ಗಳು ಮೂಲಭೂತವಾಗಿ ಸರಿಯಿವೆ ಎಂದು ಖಚಿತವಾದಂತೆ. ಇಲ್ಲಿ ಅವಸರ ಮಾಡದೆ ಒಂದು ಗಂಟೆಯನ್ನಾದರೂ ತಪಾಸಣೆಗೆ ಮೀಸಲಿಡಿ. ವೈ-ಫೈ ಜಾಲ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮೆರಾ ತೆರೆಯುತ್ತದೆಯೇ, ಪ್ರತಿ ಯುಎಸ್‌ಬಿ ಕಿಂಡಿಯೂ ಮೌಸನ್ನು ಗುರುತಿಸುತ್ತದೆಯೇ ಎಂದು ನೋಡಿ. ಪಠ್ಯ ಸಂಪಾದಕವನ್ನು ತೆರೆದು ಕೀಬೋರ್ಡಿನ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ. ಒಂದೇ ಸಾಲಿನ ಹಲವು ಕೀಲಿಗಳು ಸತ್ತಿದ್ದರೆ ಕೀಬೋರ್ಡ್ ಬದಲಿಸಬೇಕು, ಅಲ್ಲಿಯವರೆಗೆ ಯುಎಸ್‌ಬಿ ಕೀಬೋರ್ಡ್ ಸಾಕು. ಮುಚ್ಚಳ ಮುಚ್ಚಿ ನಿದ್ರಾವಸ್ಥೆಗೆ ಕಳಿಸಿ ಮತ್ತೆ ತೆರೆದಾಗ ಯಂತ್ರ ಏಳುತ್ತದೆಯೇ ಎಂಬುದನ್ನು ಪರೀಕ್ಷಿಸಲು ಹಲವರು ಮರೆಯುತ್ತಾರೆ, ನಂತರ ದಿನವೂ ಕಾಡುವುದು ಅದೇ.

ನಂತರ ಬಿಸಿಯ ವಿಚಾರ. ಬ್ರೌಸರ್‌ನಲ್ಲಿ ಒಂದು ವಿಡಿಯೊ ಹಾಕಿ ಕಾಲು ಗಂಟೆ ಓಡಲು ಬಿಡಿ, ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಸೆನ್ಸರ್ಸ್ (sensors) ಎಂಬ ಆಜ್ಞೆಯಿಂದ ಪ್ರೊಸೆಸರ್‌ನ ತಾಪಮಾನವನ್ನು ಗಮನಿಸಿ. ಅದು 90 ಡಿಗ್ರಿ ಸೆಲ್ಸಿಯಸ್ ಮೀರಿ ಅಲ್ಲೇ ನಿಂತರೆ, ಅಥವಾ ಯಂತ್ರ ಇದ್ದಕ್ಕಿದ್ದಂತೆ ಆಫ್ ಆದರೆ, ನಿಧಾನಗತಿಗೆ ಕಾರಣ ವಿಂಡೋಸ್ ಆಗಿರದೆ ಫ್ಯಾನಿನ ಹಿಂದೆ ಕಟ್ಟಿಕೊಂಡ ದೂಳಿರಬಹುದು. ಗಾಳಿ ಹೊರಹೋಗುವ ತಾಮ್ರ ಅಥವಾ ಅಲ್ಯೂಮಿನಿಯಂ ಜಾಲರಿಯ ಮೇಲೆ ದೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಅದನ್ನು ಮೃದು ಬ್ರಷ್‌ನಿಂದ ತೆಗೆದು, ಪ್ರೊಸೆಸರ್‌ನ ಬಿಸಿಯನ್ನು ಸಾಗಿಸುವ, ಈಗ ಒಣಗಿದ ಥರ್ಮಲ್ ಪೇಸ್ಟನ್ನು ಬದಲಿಸಿದರೆ ಯಂತ್ರದ ನಡವಳಿಕೆಯೇ ಬದಲಾಗುತ್ತದೆ.

ಅತ್ಯಂತ ಮುಖ್ಯವಾದ ಪರೀಕ್ಷೆ ಡಿಸ್ಕ್‌ನದು. ಮಿಂಟ್‌ನ ಮೆನುವಿನಲ್ಲಿರುವ ಡಿಸ್ಕ್ಸ್ ಎಂಬ ಸಾಧನವನ್ನು ತೆರೆದು, ಎಡಗಡೆ ನಿಮ್ಮ ಹಾರ್ಡ್‌ಡಿಸ್ಕನ್ನು ಆರಿಸಿ, ಮೇಲಿನ ಮೂರು ಚುಕ್ಕಿಯ ಮೆನುವಿನಿಂದ ಸ್ಮಾರ್ಟ್ ಮಾಹಿತಿಯ ಕಿಟಕಿಯನ್ನು ತೆರೆಯಿರಿ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ದಾಖಲೆ ಅದು. ಉದ್ದನೆಯ ಪಟ್ಟಿ ಕಂಡು ಗಾಬರಿಯಾಗಬೇಡಿ, ಮೂರು ಸಾಲುಗಳು ಸಾಕು. 5ನೆಯ ಸಂಖ್ಯೆಯ ರಿಅಲೊಕೇಟೆಡ್ ಸೆಕ್ಟರ್ ಕೌಂಟ್, ಹಾಳಾದ ಎಷ್ಟು ಜಾಗಗಳ ಬದಲು ಮೀಸಲು ಜಾಗಗಳನ್ನು ಬಳಸಲಾಗಿದೆ ಎಂಬುದನ್ನು ಹೇಳುತ್ತದೆ. 197ನೆಯದಾದ ಕರೆಂಟ್ ಪೆಂಡಿಂಗ್ ಸೆಕ್ಟರ್ ಕೌಂಟ್, ಓದಲು ಬಾರದೆ ತೀರ್ಮಾನಕ್ಕಾಗಿ ಕಾಯುತ್ತಿರುವ ಜಾಗಗಳ ಲೆಕ್ಕ. ಇವೆರಡೂ ಸೊನ್ನೆಯಾಗಿದ್ದರೆ ಡಿಸ್ಕ್ ಮೇಲೆ ಭರವಸೆ ಇಡಬಹುದು. ಮೊದಲನೆಯದು ಅಲ್ಪ ಸಂಖ್ಯೆಯಲ್ಲಿದ್ದು ಏರದೆ ನಿಂತಿದ್ದರೆ ಅಮುಖ್ಯ ಕೆಲಸಗಳಿಗೆ ಬಳಸುತ್ತಾ ಕಣ್ಣಿಡಬಹುದು. ಎರಡನೆಯದು ಸೊನ್ನೆ ಬಿಟ್ಟು ಬೇರೇನಾದರೂ ಆಗಿ ದಿನೇ ದಿನೇ ಏರುತ್ತಿದ್ದರೆ ಆ ಡಿಸ್ಕ್ ಮೇಲೆ ಹೊಸ ವ್ಯವಸ್ಥೆ ಹಾಕುವುದು ವ್ಯರ್ಥ. 199ನೆಯ ಸಾಲಿನ ಸಿಆರ್‌ಸಿ ದೋಷಗಳು, ಅಂದರೆ ಮಾಹಿತಿ ಸಾಗಣೆಯ ತಪ್ಪುಗಳು, ಮಾತ್ರ ಏರುತ್ತಿದ್ದರೆ ಡಿಸ್ಕ್‌ಗಿಂತ ಹೆಚ್ಚಾಗಿ ಅದರ ಕೇಬಲ್ ಅಥವಾ ಕನೆಕ್ಟರ್ ಕಾರಣವಾಗಿರುತ್ತದೆ, ಒಮ್ಮೆ ಕಳಚಿ ಸರಿಯಾಗಿ ಕೂರಿಸಿದರೆ ಗುಣವಾಗಬಹುದು. ಪಕ್ಕದಲ್ಲಿ ಸಾಧನವು ಡಿಸ್ಕ್ ಸರಿಯಿದೆ ಎಂದು ಒಟ್ಟಾರೆಯಾಗಿ ತೋರಿಸಿದರೂ ಅದೊಂದನ್ನೇ ನಂಬಬೇಡಿ. ತಯಾರಕರು ಇಟ್ಟಿರುವ ಮಿತಿ ದಾಟುವವರೆಗೂ ಅದು ಹಾಗೆಯೇ ಹೇಳುತ್ತಿರುತ್ತದೆ.

ಯಂತ್ರ ಕಾರಣವಿಲ್ಲದೆ ಸ್ತಬ್ಧವಾಗುತ್ತಿದ್ದರೆ ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ಎಂಬ ಮುಕ್ತ ತಂತ್ರಾಂಶವನ್ನು ಬೇರೊಂದು ಪೆನ್‌ಡ್ರೈವ್‌ಗೆ ಬರೆದು ರಾತ್ರಿಯಿಡೀ ಓಡಿಸಿ. ಅದರ 6ನೆಯ ಆವೃತ್ತಿಯಿಂದೀಚೆಗೆ ಯುಇಎಫ್‌ಐ ಯಂತ್ರಗಳಲ್ಲೂ ನಡೆಯುತ್ತದೆ. ಒಂದೇ ಒಂದು ದೋಷ ಕಂಡುಬಂದರೂ ಆ ರ‍್ಯಾಮ್ ಪಟ್ಟಿಯನ್ನು ಬದಲಿಸಬೇಕು, ಅದರಲ್ಲಿ ರಾಜಿ ಬೇಡ.

ಹಳೆಯ ಕಡತಗಳನ್ನು ಉಳಿಸಿಕೊಳ್ಳುವುದು

ಡಿಸ್ಕ್ ಆರೋಗ್ಯವಾಗಿದ್ದರೆ ಈ ಕೆಲಸ ಸುಲಭ. ಫೈಲ್ ಮ್ಯಾನೇಜರ್‌ನಲ್ಲಿ ವಿಂಡೋಸ್‌ನ ವಿಭಾಗದ ಮೇಲೆ ಒತ್ತಿ, ಯೂಸರ್ಸ್ ಫೋಲ್ಡರಿನೊಳಗೆ ನಿಮ್ಮ ಹೆಸರಿನ ಫೋಲ್ಡರ್ ತೆರೆದು, ದಾಖಲೆಗಳು, ಚಿತ್ರಗಳು, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ನಕಲಿಸಿಕೊಳ್ಳಿ. ವಿಂಡೋಸ್ ಪೂರ್ತಿ ಮುಚ್ಚದೆ ನಿದ್ರಾವಸ್ಥೆಯಲ್ಲಿದ್ದರೆ ಆ ವಿಭಾಗ ಓದಲು ಮಾತ್ರ ತೆರೆದುಕೊಳ್ಳುತ್ತದೆ. ನಕಲಿಸಲು ಅಷ್ಟು ಸಾಕು. ನಕಲಿಸಿದ ಕಡತಗಳಲ್ಲಿ ಕೆಲವನ್ನು ನಿಜವಾಗಿ ತೆರೆದು ನೋಡಿದ ನಂತರವೇ ನಕಲು ಆಯಿತೆಂದು ಭಾವಿಸಿ.

ಡಿಸ್ಕ್ ಸಾಯುತ್ತಿದ್ದರೆ ಕ್ರಮವೇ ಬೇರೆ. ಕಟಕಟ ಎಂಬ ಲಯಬದ್ಧ ಸದ್ದು ಬರುತ್ತಿರುವ ಹಾರ್ಡ್‌ಡಿಸ್ಕ್‌ನಿಂದ ಫೋಲ್ಡರ್‌ಗಳನ್ನು ಎಳೆದು ನಕಲಿಸಲು ಹೋದರೆ ಅದು ಕೆಟ್ಟ ಜಾಗದಲ್ಲೇ ನಿಂತು ಪದೇ ಪದೇ ಓದಲು ಹೆಣಗುತ್ತದೆ, ಉಳಿದಿರುವ ಅಲ್ಪ ಆಯುಷ್ಯವೂ ಅಲ್ಲೇ ಸವೆಯುತ್ತದೆ. ಒಳಗಿರುವುದು ಮತ್ತೆಲ್ಲೂ ಇಲ್ಲದ, ಬೆಲೆ ಕಟ್ಟಲಾಗದ ಮಾಹಿತಿಯಾಗಿದ್ದರೆ ಯಂತ್ರವನ್ನು ಕೂಡಲೇ ಆಫ್ ಮಾಡಿ ಮಾಹಿತಿ ಮರುಪಡೆಯುವ ಪರಿಣತರ ಬಳಿ ಹೋಗಿ. ಸದ್ದಿಲ್ಲದೆ ಓದಲು ಮಾತ್ರ ತಡವರಿಸುತ್ತಿದ್ದರೆ ಗ್ನೂ ಯೋಜನೆಯ ಡಿಡಿರೆಸ್ಕ್ಯೂ ಎಂಬ ಸಾಧನವನ್ನು ಬಳಸಿ. ಅದು ಮೊದಲು ಸುಲಭವಾಗಿ ಓದಬಹುದಾದ ಭಾಗಗಳನ್ನೆಲ್ಲ ಬೇಗ ಬೇಗ ನಕಲಿಸಿ, ಕಷ್ಟದ ಭಾಗಗಳನ್ನು ಕೊನೆಗೆ ಉಳಿಸಿಕೊಳ್ಳುತ್ತದೆ. ಅದರ ಜಾಣತನ ಇರುವುದು ಇಲ್ಲಿಯೇ. ಮಿಂಟ್ ಮತ್ತು ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ಮುಂದೊಂದು ಜಿ ಸೇರಿ ಜಿಡಿಡಿರೆಸ್ಕ್ಯೂ (gddrescue) ಎಂದಿದ್ದರೂ ಟರ್ಮಿನಲ್‌ನಲ್ಲಿ ಬರೆಯಬೇಕಾದ ಆಜ್ಞೆ ಡಿಡಿರೆಸ್ಕ್ಯೂ (ddrescue) ಎಂದೇ. ಅದಕ್ಕೆ ಮೂರು ವಿವರಗಳನ್ನು ಇದೇ ಕ್ರಮದಲ್ಲಿ ಕೊಡಬೇಕು: ಓದಬೇಕಾದ ಡಿಸ್ಕ್, ಪ್ರತಿಯನ್ನು ಬರೆಯಬೇಕಾದ ಕಡತ, ಎಲ್ಲಿಯವರೆಗೆ ಓದಿ ಆಯಿತು ಎಂಬುದನ್ನು ದಾಖಲಿಸುವ ನಕ್ಷೆಯ ಕಡತ. ನಕ್ಷೆಯ ಕಡತ ಇದ್ದರೆ ನಡುವೆ ವಿದ್ಯುತ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಮೊದಲೆರಡು ವಿವರಗಳು ಅದಲುಬದಲಾದರೆ ಮೂಲ ಡಿಸ್ಕೇ ಅಳಿಸಿಹೋಗುವ ಅಪಾಯವಿರುವುದರಿಂದ, ಎಂಟರ್ ಒತ್ತುವ ಮೊದಲು ಡಿಸ್ಕ್ಸ್ ಸಾಧನದಲ್ಲಿ ಕಾಣುವ ಹೆಸರು ಮತ್ತು ಗಾತ್ರಗಳೊಂದಿಗೆ ಎರಡೆರಡು ಸಲ ತಾಳೆ ನೋಡಿ.

ಹೀಗೆ ಪಡೆಯುವ ಪ್ರತಿ ಇಡೀ ಡಿಸ್ಕ್‌ನಷ್ಟೇ ದೊಡ್ಡದಿರುತ್ತದೆ. 500 ಜಿಬಿ ಡಿಸ್ಕ್‌ಗೆ ಅದಕ್ಕಿಂತ ಹೆಚ್ಚು ಖಾಲಿ ಜಾಗದ ಹೊರಗಿನ ಡಿಸ್ಕ್ ಬೇಕು. ಆ ಡಿಸ್ಕ್ ಫ್ಯಾಟ್32 ವಿನ್ಯಾಸದಲ್ಲಿ ಇರಬಾರದು, ಏಕೆಂದರೆ ಅದರಲ್ಲಿ 4 ಜಿಬಿ ದಾಟಿದ ಒಂದೇ ಕಡತವನ್ನು ಇಡಲಾಗುವುದಿಲ್ಲ. ಪ್ರತಿ ಸಿಕ್ಕ ಮೇಲೆ ಮೂಲ ಡಿಸ್ಕ್‌ಗೆ ವಿಶ್ರಾಂತಿ ಕೊಟ್ಟು, ಟೆಸ್ಟ್‌ಡಿಸ್ಕ್ ಮತ್ತು ಫೋಟೊರೆಕ್ ಎಂಬ ಜೋಡಿ ಸಾಧನಗಳನ್ನು ಪ್ರತಿಯ ಮೇಲೆಯೇ ನಡೆಸಿ. ಮೊದಲನೆಯದು ಕಳೆದುಹೋದ ವಿಭಾಗಗಳನ್ನು ಹುಡುಕುತ್ತದೆ, ಎರಡನೆಯದು ಹೆಸರುಗಳು ಅಳಿದಿದ್ದರೂ ಕಡತಗಳನ್ನು ಅವುಗಳ ಒಳಗುರುತಿನಿಂದ ಎತ್ತಿ ತೆಗೆಯುತ್ತದೆ.

ಬಿಡಿಭಾಗ ಬದಲಿಸಬೇಕಾದರೆ

ಹಳೆಯ ಲ್ಯಾಪ್‌ಟಾಪ್‌ಗೆ ಹಣ ಖರ್ಚು ಮಾಡುವುದಾದರೆ ಮೊದಲು ತಿರುಗುವ ಹಾರ್ಡ್‌ಡಿಸ್ಕ್ ಜಾಗದಲ್ಲಿ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಹಾಕಿ, ಬೇರೆ ಯಾವ ಬದಲಾವಣೆಯೂ ವೇಗದಲ್ಲಿ ಅಷ್ಟು ವ್ಯತ್ಯಾಸ ತರುವುದಿಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 7 ಮಿಲಿಮೀಟರ್ ದಪ್ಪ ಇರುತ್ತವೆ, ಹಳೆಯ ಗೂಡು 9.5 ಮಿಲಿಮೀಟರ್‌ನದಾದರೆ ಜೊತೆಗೆ ಬರುವ ಪ್ಲಾಸ್ಟಿಕ್ ಚೌಕಟ್ಟನ್ನು ಸೇರಿಸಿ ಬಿಗಿಗೊಳಿಸಿ. ತೆಳು ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದ್ದರೆ ಅದು ಸಾಟಾ ಮಾದರಿಯದೋ ಎನ್‌ವಿಎಂಇ ಮಾದರಿಯದೋ ಎಂದು ಯಂತ್ರದ ಕೈಪಿಡಿಯಲ್ಲಿ ನೋಡಿಯೇ ಕೊಳ್ಳಬೇಕು. ಆಕಾರದಲ್ಲಿ ಹೊಂದಿದರೂ ಒಂದರ ಬದಲು ಇನ್ನೊಂದು ಕೆಲಸ ಮಾಡದಿರಬಹುದು. ರ‍್ಯಾಮ್‌ನಲ್ಲೂ ಇದೇ ಎಚ್ಚರ ಬೇಕು: 1.5 ವೋಲ್ಟ್‌ನ ಡಿಡಿಆರ್3 ಪಟ್ಟಿಯು 1.35 ವೋಲ್ಟ್‌ನ ಡಿಡಿಆರ್3ಎಲ್ ಮಾತ್ರ ಒಪ್ಪುವ ಯಂತ್ರದಲ್ಲಿ ನಡೆಯುವುದಿಲ್ಲ.

ಇನ್‌ಸ್ಟಾಲ್

ಇಲ್ಲಿಯವರೆಗಿನ ಕೆಲಸ ಸರಿಯಾಗಿದ್ದರೆ ಇನ್‌ಸ್ಟಾಲ್ ಎಲ್ಲಕ್ಕಿಂತ ಸುಲಭದ ಹಂತ. ಚಾರ್ಜರ್ ಜೋಡಿಸಿ, ಸಾಧ್ಯವಾದರೆ ಇಂಟರ್‌ನೆಟ್‌ಗೂ ಸಂಪರ್ಕಿಸಿ, ಲೈವ್ ಡೆಸ್ಕ್‌ಟಾಪ್ ಮೇಲಿರುವ ಇನ್‌ಸ್ಟಾಲ್ ಚಿಹ್ನೆಯನ್ನು ತೆರೆಯಿರಿ. ಭಾಷೆ, ಕೀಬೋರ್ಡ್ ಕೇಳಿದ ನಂತರ ವಿಡಿಯೊ, ಆಡಿಯೊಗಳಿಗೆ ಬೇಕಾದ ಮಲ್ಟಿಮೀಡಿಯಾ ಕೊಡೆಕ್‌ಗಳನ್ನು ಸೇರಿಸುವ ಆಯ್ಕೆ ಬರುತ್ತದೆ, ಅದನ್ನು ಗುರುತು ಮಾಡಿ.

ನಿಜವಾದ ತೀರ್ಮಾನ ಒಂದೇ ಪುಟದಲ್ಲಿದೆ. ಇಡೀ ಡಿಸ್ಕನ್ನು ಅಳಿಸಿ ಹೊಸದಾಗಿ ಹಾಕುವುದು ಅಥವಾ ವಿಂಡೋಸ್ ಪಕ್ಕದಲ್ಲಿ ಹಾಕುವುದು, ಈ ಎರಡರಲ್ಲಿ ಒಂದನ್ನು ಆರಿಸಬೇಕು. ಕೆಟ್ಟ ಯಂತ್ರವನ್ನು ಎಬ್ಬಿಸುವ ಸಂದರ್ಭದಲ್ಲಿ ಮೊದಲನೆಯದೇ ಸರಿ. ಒಡೆದ ವಿಂಡೋಸನ್ನು ಪಕ್ಕದಲ್ಲಿ ಇಟ್ಟುಕೊಂಡು ಯಾವ ಲಾಭವೂ ಇಲ್ಲ. ಒಂದಕ್ಕಿಂತ ಹೆಚ್ಚು ಡಿಸ್ಕ್‌ಗಳಿದ್ದರೆ ಯಾವುದು ಅಳಿಯಲಿದೆ ಎಂಬುದನ್ನು ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ, ನಕಲು ಇಟ್ಟುಕೊಂಡ ಹೊರಗಿನ ಡಿಸ್ಕನ್ನು ಈ ಹಂತಕ್ಕೆ ಮೊದಲೇ ಕಳಚಿಡಿ. ಲ್ಯಾಪ್‌ಟಾಪನ್ನು ಹೊರಗೆ ಒಯ್ಯುವವರು ಎನ್‌ಕ್ರಿಪ್ಷನ್ ಆಯ್ಕೆಯನ್ನೂ ಪರಿಗಣಿಸಬಹುದು, ಆದರೆ ಅದರ ಗುಪ್ತಪದ ಮರೆತರೆ ಮಾಹಿತಿಯನ್ನು ಯಾರೂ ಮರಳಿ ಕೊಡಲಾರರು. ಮುಂದೆ ನಿಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು ಕಾಯಿರಿ. ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ.

ಮೊದಲ ಬಾರಿ ತೆರೆದ ಮೇಲೆ

ಅಪ್‌ಡೇಟ್ ಮ್ಯಾನೇಜರ್ ತೋರಿಸುವ ಎಲ್ಲ ಅಪ್‌ಡೇಟ್‌ಗಳನ್ನೂ ಹಾಕಿ, ನಂತರ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಬ್ರಾಡ್‌ಕಾಮ್ ವೈ-ಫೈ, ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಯಂತ್ರಗಳಿಗೆ ಅಲ್ಲಿ ಪ್ರತ್ಯೇಕ ಡ್ರೈವರ್ ಸಿಗುತ್ತದೆ. ವೈ-ಫೈ ಇನ್ನೂ ನಡೆಯದಿದ್ದಾಗ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಇಂಟರ್‌ನೆಟ್ ತಕ್ಷಣ ಸಿಗುತ್ತದೆ, ಡ್ರೈವರನ್ನು ಅದರಿಂದ ಇಳಿಸಿಕೊಳ್ಳಬಹುದು.

ಟೈಮ್‌ಶಿಫ್ಟ್ ತೆರೆದು ವ್ಯವಸ್ಥೆಯ ಪ್ರತಿಯನ್ನು ವಾರಕ್ಕೊಮ್ಮೆ ಉಳಿಸುವಂತೆ ಹೊಂದಿಸಿ. ಯಾವುದಾದರೂ ಅಪ್‌ಡೇಟ್ ತೊಂದರೆ ಕೊಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಅದು ಸಾಕು. ಆದರೆ ಸಾಮಾನ್ಯ ಹೊಂದಾಣಿಕೆಯಲ್ಲಿ ಅದು ನಿಮ್ಮ ಸ್ವಂತ ದಾಖಲೆಗಳನ್ನು ಸೇರಿಸಿಕೊಳ್ಳುವುದಿಲ್ಲ, ಅವಕ್ಕೆ ಹೊರಗಿನ ಡಿಸ್ಕ್‌ನಲ್ಲಿ ಪ್ರತ್ಯೇಕ ನಕಲು ಇರಲೇಬೇಕು. 4 ಜಿಬಿ ಅಥವಾ ಕಡಿಮೆ ರ‍್ಯಾಮ್ ಇದ್ದರೆ ಜೆಡ್‌ರ‍್ಯಾಮ್ ಸಕ್ರಿಯಗೊಳಿಸಿ. ಬಳಕೆಯಲ್ಲಿಲ್ಲದ ಮೆಮೊರಿಯನ್ನು ಡಿಸ್ಕ್‌ಗೆ ತಳ್ಳುವ ಬದಲು ರ‍್ಯಾಮ್‌ನಲ್ಲೇ ಕುಗ್ಗಿಸಿ ಇಡುವ ಈ ವ್ಯವಸ್ಥೆ ನಿಧಾನ ಡಿಸ್ಕ್ ಇರುವ ಯಂತ್ರಗಳಲ್ಲಿ ಕಣ್ಣಿಗೆ ಕಾಣುವಷ್ಟು ಫಲ ಕೊಡುತ್ತದೆ.

ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ಭಾಷಾ ಟೈಪಿಂಗ್ ಸಾಧನದ ಜೊತೆಗೆ ಎಂ17ಎನ್ ಪ್ಯಾಕೇಜನ್ನು ಹಾಕಿದರೆ ಇನ್‌ಸ್ಕ್ರಿಪ್ಟ್, ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿ ವಿನ್ಯಾಸಗಳೆರಡೂ ಸಿಗುತ್ತವೆ. ಅಕ್ಷರಗಳಿಗೆ ನೋಟೊ ಅಥವಾ ಲೋಹಿತ್ ಕನ್ನಡ ಫಾಂಟ್ ಸಾಕು. ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್ ಮೊದಲೇ ಇರುತ್ತದೆ. ಮೈಕ್ರೋಸಾಫ್ಟ್ ಆಫೀಸ್, ಫೋಟೊಶಾಪ್‌ನಂಥ ತಂತ್ರಾಂಶಗಳು ಲಿನಕ್ಸ್‌ಗೆ ನೇರವಾಗಿ ಬರುವುದಿಲ್ಲ. ಅವುಗಳಿಲ್ಲದೆ ಜೀವನೋಪಾಯ ನಡೆಯದವರು ಈ ಯಂತ್ರವನ್ನು ಮುಖ್ಯ ಕಂಪ್ಯೂಟರ್ ಆಗಿ ಇಟ್ಟುಕೊಳ್ಳಬಾರದು.

ಸಾಮಾನ್ಯವಾಗಿ ಎದುರಾಗುವ ತೊಡಕುಗಳು

ಲೈವ್ ಬೂಟ್‌ನಲ್ಲೇ ಪರದೆ ಕಪ್ಪಾಗಿ ನಿಂತರೆ ಮಿಂಟ್‌ನ ಆರಂಭದ ಮೆನುವಿನಲ್ಲಿರುವ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ, ಇನ್‌ಸ್ಟಾಲ್ ಆದ ಮೇಲೆ ಗ್ರಾಫಿಕ್ಸ್ ಡ್ರೈವರ್ ಹಾಕಿ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಸಾಟಾ ವಿಧಾನವು ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಎಂದಿದೆಯೇ ನೋಡಿ ಎಎಚ್‌ಸಿಐಗೆ ಬದಲಿಸಿ. ವಿಂಡೋಸ್ ಉಳಿಸಿಕೊಂಡಿದ್ದರೆ ಈ ಬದಲಾವಣೆಯಿಂದ ಅದು ಬೂಟ್ ಆಗದೆ ಹೋಗಬಹುದೆಂಬ ಎಚ್ಚರವಿರಲಿ. ಎಲ್ಲ ಮುಗಿದ ಮೇಲೂ ಬೂಟ್ ಮಾಡುವ ಡಿಸ್ಕ್ ಇಲ್ಲ ಎಂದು ಬಂದರೆ, ಪೆನ್‌ಡ್ರೈವನ್ನು ಒಂದು ವಿಧಾನದಲ್ಲಿ ಬೂಟ್ ಮಾಡಿ ಬಯೋಸನ್ನು ಇನ್ನೊಂದು ವಿಧಾನದಲ್ಲಿ ಇಟ್ಟಿರುವ ಸಾಧ್ಯತೆ ಹೆಚ್ಚು. ಎರಡನ್ನೂ ಯುಇಎಫ್‌ಐಗೆ ತಂದು, ಬೂಟ್ ಕ್ರಮದಲ್ಲಿ ಉಬುಂಟು ಎಂಬ ಹೆಸರಿನ ನಮೂದನ್ನು ಮೇಲಕ್ಕೆ ತನ್ನಿ; ಮಿಂಟ್ ಕೂಡ ಅಲ್ಲಿ ಆ ಹೆಸರಿನಲ್ಲೇ ಕಾಣಿಸಿಕೊಳ್ಳುತ್ತದೆ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರದಲ್ಲಿ ಇನ್ನೊಂದು ವಿಚಿತ್ರ ತೊಂದರೆ ಬರುವುದುಂಟು: ವೈ-ಫೈ ಸಿಕ್ಕಿರುತ್ತದೆ, ಆದರೆ ಯಾವ ಜಾಲತಾಣವೂ ಸುರಕ್ಷಿತವಲ್ಲವೆಂದು ಬ್ರೌಸರ್ ತಡೆಯುತ್ತದೆ, ಅಪ್‌ಡೇಟ್‌ಗಳೂ ವಿಫಲವಾಗುತ್ತವೆ. ಆಗ ಗಡಿಯಾರವನ್ನು ನೋಡಿ. ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಭದ್ರತಾ ಪ್ರಮಾಣಪತ್ರಗಳು ಯಾವುವೂ ತಾಳೆಯಾಗುವುದಿಲ್ಲ. ಸಮಯ ಸರಿಪಡಿಸಿದರೆ ಆ ಕ್ಷಣಕ್ಕೆ ಎಲ್ಲವೂ ನಡೆಯುತ್ತದೆ. ಚಾರ್ಜರ್ ತೆಗೆದಾಗಲೆಲ್ಲ ಗಡಿಯಾರ ಮತ್ತೆ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿರುವ ನಾಣ್ಯದಾಕಾರದ ಸಿಮಾಸ್ ಬ್ಯಾಟರಿ ಮುಗಿದಿದೆ. ಹಲವು ಯಂತ್ರಗಳಲ್ಲಿ ಅದು ಸಿಆರ್2032 ಮಾದರಿಯದಾಗಿದ್ದು, ಎರಡು ತಂತಿಗಳ ಕನೆಕ್ಟರ್ ಜೊತೆಗೆ ಬರುತ್ತದೆ. ಹಳೆಯದರ ಕನೆಕ್ಟರ್ ಹೋಲಿಸಿ ನೋಡಿ ಅದೇ ಬಗೆಯದನ್ನು ತಂದು ಹಾಕಿ, ಬಯೋಸ್‌ನಲ್ಲಿ ದಿನಾಂಕವನ್ನೂ ಬೂಟ್ ಕ್ರಮವನ್ನೂ ಮತ್ತೊಮ್ಮೆ ಹೊಂದಿಸಿ ಉಳಿಸಿ.